ಶಾಸನಗಳ ಶಾಪಾಶಯವೂ ಸಂಪಾದಕರ ಸಂಕೋಚವೂ

ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಮಹಾಶಯರು 1904ನೆಯ ಇಸವಿಯಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎಂಟನೆಯ ಸಂಪುಟವಾಗಿ ಪ್ರಕಟಿಸಿದರು. ಇಂದಿನ ಹೊಸನಗರವು ಅಂದಿನ ನಗರ ತಾಲ್ಲೂಕಿಗೆ ಸೇರಿದ್ದಿತು. ಮಲೆನಾಡಿನ ಚರಿತ್ರೆಯನ್ನು ಬರೆಯುವವರಿಗೆ ಈ ಗ್ರಂಥವೇ ಊರುಗೋಲು. ಆದರೆ ಇದನ್ನು ಆದ್ಯಂತವಾಗಿ ಓದುವ ವಾಚಕರಿಗೆ ಒಂದು ವಿಚಿತ್ರವು ಗೋಚರಿಸದಿರದು. ಕನ್ನಡ ಲಿಪಿಯ ಮೂಲದಲ್ಲಿ ದಾನದ ವಿವರವಾದ ಮೇಲೆ ಶಾಪಾಶಯವು ಬರುತ್ತದೆ. ಇಂಗ್ಲಿಷ್ ಅನುವಾದದಲ್ಲಿ ಅನೇಕ ಕಡೆ ಅದರ ಸ್ಥಾನದಲ್ಲಿ ‘ರೂಢಿಯ ಶಾಪವಾಕ್ಯಗಳು’ ಎಂಬರ್ಥದ ಒಂದು ಸೂಚನೆ ಮಾತ್ರವೇ ಉಳಿಯುತ್ತದೆ.

ಇದಕ್ಕಾಗಿ ರೈಸರನ್ನು ದೂಷಿಸುವುದು ನ್ಯಾಯವಲ್ಲ. ಅವೇ ಶ್ಲೋಕಗಳು ನೂರಾರು ಕಲ್ಲುಗಳಲ್ಲಿ ಪುನರುಕ್ತವಾಗಿರುವಾಗ ಪ್ರತಿಸಲವೂ ಅನುವಾದಿಸುವವರಾರು? ಆದರೆ ಪುನರುಕ್ತಿಯ ಭಯದಿಂದ ಹುಟ್ಟಿದ ಈ ಪದ್ಧತಿಯು ಬಳಿಕ ಮರ್ಯಾದೆಯ ಮುಸುಕಾಗಿ ಪರಿಣಮಿಸಿತು. ದಾನಿಯ ಔದಾರ್ಯವನ್ನು ಪುಟಗಟ್ಟಲೆ ವರ್ಣಿಸಿ, ಅವನ ಬೈಗುಳವನ್ನು ನುಂಗಿಬಿಡುವ ಚರಿತ್ರಕಾರರು ಈಗಲೂ ವಿರಳರಲ್ಲ.

ಆಲಂಕಾರಿಕರು ಅಶ್ಲೀಲವನ್ನು ವ್ರೀಡೆ, ಜುಗುಪ್ಸೆ, ಅಮಂಗಲ ಎಂದು ಮೂರು ಬಗೆಯಾಗಿ ಹೇಳಿದ್ದಾರೆ. ಶಾಸನಗಳಲ್ಲಿ ಮೂರೂ ಉಂಟು. ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂಬುದು ಜುಗುಪ್ಸೆ. ಅದನ್ನು ಓದಿ ಇಂದು ಯಾರೂ ಎದೆಗುಂದುವುದಿಲ್ಲ. ವ್ರೀಡೆಯ ಮಾತು ಬೇರೆ. ಕೊಂಕಣದ ಶಿಲಾಹಾರರ ಕಾಲದ ಕೆಲವು ದಾನದ ಕಲ್ಲುಗಳಲ್ಲಿ ಕತ್ತೆಯನ್ನೂ ಹೆಂಗಸನ್ನೂ ಸೇರಿಸಿ, ಬಾಯಲ್ಲಿ ಆಡಲಾಗದ ಬೈಗುಳವನ್ನು ಚಿತ್ರವಾಗಿಯೇ ಕೊರೆದಿದ್ದಾರೆ. ತಪ್ಪು ಮಾಡುವವನು ಮುಂದೆಂದೋ ಹುಟ್ಟಲಿರುವ ಒಬ್ಬ ಗಂಡಸು. ಅವಮಾನವೋ ಅವನ ತಾಯಿಗೆ! ಧರ್ಮರಕ್ಷಣೆಗೆಂದು ನಿಲ್ಲಿಸಿದ ಕಲ್ಲಿನಲ್ಲಿ ಇಂತಹ ಅಧರ್ಮ.

ಆಲಂಕಾರಿಕರ ಗಣನೆಗೆ ಬಾರದ ನಾಲ್ಕನೆಯದೊಂದು ಇದೆ. ದತ್ತಿಗೆ ತಪ್ಪಿದವನನ್ನು ಚಂಡಾಲನೆಂದು ಶಪಿಸುವಾಗ, ಒಂದು ಜನಸಮುದಾಯದ ಹೆಸರೇ ಬೈಗುಳವಾಗುತ್ತದೆ. ಸಹೃದಯನಿಗೆ ಲಜ್ಜೆಯಾದೀತೇ ಎಂದು ಶಾಸ್ತ್ರಕಾರರು ವಿಚಾರಿಸಿದರೇ ಹೊರತು, ಯಾರ ಹೆಸರನ್ನು ಹೀನಾರ್ಥದಲ್ಲಿ ಬಳಸಿದರೋ ಅವರೂ ಒಂದು ದಿನ ಈ ಅಕ್ಷರಗಳನ್ನು ಓದಿಯಾರೆಂದು ನೆನೆಯಲಿಲ್ಲ. ಇಂದು ಅವರ ಮಕ್ಕಳು ಅದೇ ಶಾಸನವನ್ನು ಕಾಲೇಜಿನ ಪಾಠವಾಗಿ ಓದುತ್ತಾರೆ. ಸಂಪಾದಕನು ಆ ಶಬ್ದವನ್ನು ಅಳಿಸಿದರೆ ಅಪಮಾನ ನಡೆದೇ ಇಲ್ಲವೆಂದು ಸಾಕ್ಷಿ ನುಡಿದಂತಾಗುತ್ತದೆ. ಸುಮ್ಮನೆ ಅಚ್ಚುಹಾಕಿ ಮುಂದೆ ಸಾಗಿದರೆ ಆ ಬೈಗುಳಕ್ಕೆ ತಾನೂ ದನಿಗೂಡಿಸಿದಂತಾಗುತ್ತದೆ. ಮೂಲದ ಒಂದಕ್ಷರವನ್ನೂ ತಿದ್ದದೆ, ಕೆಳಗೆ ಟಿಪ್ಪಣಿ ಕೊಡುವುದೊಂದೇ ದಾರಿ. ಆ ಟಿಪ್ಪಣಿಯೂ ಪದದ ಅರ್ಥವನ್ನು ಹೇಳಿದರೆ ಸಾಲದು, ಪೆಟ್ಟು ಯಾರಿಗೆ ತಗುಲಿತೆಂಬುದನ್ನೂ ಹೇಳಬೇಕು.

ಅಮಂಗಲಕ್ಕೆ ಮಾಸ್ತಿಗಲ್ಲುಗಳೇ ಸಾಕ್ಷಿ. ಬಳೆ ತೊಟ್ಟು ಮೇಲೆತ್ತಿದ ಆ ಕೈ ಸಾಗರ, ಸೊರಬದ ಸೀಮೆಯವರಿಗೆ ಅಪರಿಚಿತವಲ್ಲ. ಅರಿಸಿನ ಕುಂಕುಮಗಳ ಪೂಜೆಯೂ ಅದಕ್ಕೆ ಸಲ್ಲುವುದುಂಟು. ಸಹಗಮನವನ್ನು ಬಂಗಾಳದಲ್ಲಿ 1829ರಲ್ಲಿ ನಿಷೇಧಿಸಲಾಯಿತು. ಅದರ ವೈಭವೀಕರಣವನ್ನೂ 1987ರ ಕಾಯಿದೆಯು ಅಪರಾಧವೆಂದಿತು. ಇದರಿಂದ ಅಂಜಿ ಕಲ್ಲುಗಳನ್ನು ಮರೆಮಾಡಬೇಕೆನ್ನುವವರು ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನವನ್ನೊಮ್ಮೆ ಓದಬೇಕು. ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದನೆಂದು ಏಚನಿಗೆ ಅರಸನು ಮರಣದಂಡನೆ ವಿಧಿಸಿದನು. ಮಡದಿ ದೇಕಬ್ಬೆ ಬೆಂಕಿಗಿಳಿದಳು. ಕವಿಯು ಅವಳನ್ನು ಕೊಂಡಾಡಿರುವುದು ನಿಜ. ಬೇಡವೆಂದು ಬಂಧುಗಳು ತಡೆದುದನ್ನೂ ಅವನೇ ಬರೆದಿದ್ದಾನೆ. ಶಾಸನವನ್ನು ಮುಚ್ಚಿಟ್ಟರೆ ಸ್ತುತಿಯ ಜೊತೆಗೆ ಆ ಬಂಧುಗಳ ಮೊರೆಯೂ ಮುಚ್ಚಿಹೋಗುತ್ತದೆ. ವಸ್ತುಸಂಗ್ರಹಾಲಯದ ಫಲಕಗಳಲ್ಲಿ ‘ಪತಿಭಕ್ತಿಯ ಕುರುಹು’ ಎಂದು ಬರೆಯುವ ಬದಲು, ಅವಳ ಹೆಸರು ತಿಳಿದಿದ್ದರೆ ಹೆಸರನ್ನೂ, ಅವಳು ಬೆಂಕಿಯಲ್ಲಿ ಸತ್ತಳೆಂಬುದನ್ನೂ, ತಡೆದವರಿದ್ದರೆ ಅದನ್ನೂ ಬರೆಯಬಹುದು. ಅದಕ್ಕೆ ಬೇಕಾಗುವುದು ಮೂರು ಸಾಲಿನ ಸ್ಥಳ.