ಬರೆದವರ ಹೊಣೆ

ಹಂಸಭಾವಿ ಸೀಮೆಯ ರೈತರು ಹೊಲದ ಖರೀದಿಗೋ ಅಣ್ಣತಮ್ಮಂದಿರ ವಾಟ್ನಿಗೋ ತಾಲೂಕಿನ ಊರಾದ ಹಿರೇಕೆರೂರಿಗೆ ಹೋಗಿ, ಕೈಚೀಲದೊಳಗಿನ ಉತಾರವನ್ನು ತೆಗೆದು ಪತ್ರ ಬರಹಗಾರರ ಮೇಜಿನ ಮೇಲಿಟ್ಟು, ಬರೆಯುವವರ ಕೈಯನ್ನೇ ನೋಡುತ್ತ ಕುಳಿತಿರುವ ಆ ಅರ್ಧ ತಾಸಿನಲ್ಲಿ, ಬರಹದ ಮೇಲೆ ಮನುಷ್ಯನು ಇಡಬಹುದಾದ ನಂಬಿಕೆಯ ಪರಮಾವಧಿಯನ್ನು ನಾನು ಕಂಡಿದ್ದೇನೆ. ಬಹಳ ವರ್ಷಗಳ ಹಿಂದೆ ಅಂತಹದೊಂದು ಮೇಜಿನ ಬಳಿ, ಪತ್ರವನ್ನು ಓದಿ ಹೇಳಿದ ಮೇಲೆಯೂ ಸಮಾಧಾನಗೊಳ್ಳದ ವೃದ್ಧರೊಬ್ಬರು ಹಾಳೆಯ ಮೇಲೆ ಬೆರಳಿಟ್ಟು, “ಇದರಾಗ ನನ್ನ ಬದು ಎಲ್ಲೈತಿ, ತೋರಸ್ರಿ” ಎಂದರು. ಬರಹಗಾರರು ಆ ಬೆರಳನ್ನೇ ಹಿಡಿದು ಚಕ್ಕುಬಂದಿಯ ನಾಲ್ಕು ಸಾಲುಗಳ ಮೇಲೆ ನಡೆಸುತ್ತ, “ಇದು ಪೂರ್ವಕ್ಕ, ಹಳ್ಳ” ಎನ್ನುತ್ತಿದ್ದಂತೆಯೇ ಬೆರಳು ನಿಂತಿತು. “ಹಳ್ಳ ಹೊತ್ತು ಮುಣಗೂ ಕಡೆ ಐತ್ರಿ” ಎಂದರು ವೃದ್ಧರು. ಪೂರ್ವ ಪಶ್ಚಿಮಗಳು ಅದಲುಬದಲಾಗಿದ್ದವು. ಅಕ್ಷರವನ್ನರಿಯದ ಓದುಗರೊಬ್ಬರು ಅಕ್ಷರವನ್ನೇ ಜೀವನೋಪಾಯವಾಗಿ ಮಾಡಿಕೊಂಡವರ ತಪ್ಪನ್ನು ಹಿಡಿದಿದ್ದರು.

ಬರವಣಿಗೆಯನ್ನು ಒಂದು ವೃತ್ತಿಯೆಂದು ಪದವಿ ತರಗತಿಗಳಲ್ಲಿ ಕಲಿಸುವುದರ ಯೋಗ್ಯತೆಯನ್ನು ವಿಮರ್ಶಿಸಹೊರಟಾಗ ಈ ಪ್ರಸಂಗವನ್ನೇ ನಾನು ಒರೆಗಲ್ಲಾಗಿ ಇಟ್ಟುಕೊಳ್ಳುತ್ತೇನೆ. ಕಾವ್ಯವನ್ನು ಓದಿದವರು ಆನಂದಿಸಬಹುದು, ಬೇಸರಗೊಂಡರೆ ಪುಸ್ತಕವನ್ನು ಮುಚ್ಚಿಡಬಹುದು; ವೃತ್ತಿಬರಹವನ್ನು ಓದಿದವರಾದರೋ ಅದನ್ನು ನಂಬಿ ಒಂದು ಕಾರ್ಯವನ್ನು ಮಾಡಬೇಕಾಗುತ್ತದೆ: ಹೊಲ ಕೊಳ್ಳಬೇಕು, ಔಷಧಿ ಸಿಂಪಡಿಸಬೇಕು, ವಿಮೆಗೆ ಹಣ ಕಟ್ಟಬೇಕು, ಮತ ಹಾಕಬೇಕು. ಆದಕಾರಣ ಇಂತಹ ಪದವಿಯ ಬೆಲೆಯನ್ನು ಅದು ಎಷ್ಟು ಮಂದಿ ಗ್ರಂಥಕರ್ತರನ್ನು ಸಿದ್ಧಗೊಳಿಸಿತು ಎಂಬುದರಿಂದ ಅಳೆಯತಕ್ಕದ್ದಲ್ಲ. ಬರೆದ ಮಾತಿಗೆ ಹೊಣೆಯಾಗಿ ನಿಲ್ಲುವ ಶೀಲವನ್ನು ಅದು ಕಲಿಸಿತೋ ಇಲ್ಲವೋ ಎಂಬುದರಿಂದಲೇ ಅಳೆಯತಕ್ಕದ್ದು.

ಈ ಶೀಲವು ಕನ್ನಡಕ್ಕೆ ಹೊಸದಾಗಿ ಬರಬೇಕಾದುದೇನೂ ಅಲ್ಲ. ಹಾನಗಲ್ಲಿನ ಕದಂಬರು ಆಳಿದ ಈ ಸೀಮೆಯಲ್ಲಿ ಗುಡಿಯ ಅಂಗಳದಲ್ಲಿಯೂ ಕೆರೆಯ ಏರಿಯ ಮೇಲೆಯೂ ನಿಂತಿರುವ ಶಾಸನಗಳು ದತ್ತಿ ಬಿಟ್ಟ ಭೂಮಿಯ ಮೂಡ, ತೆಂಕ, ಪಡುವ, ಬಡಗ ಮೇರೆಗಳನ್ನು ಹಳ್ಳ, ಹುತ್ತ, ಗುಂಡುಗಲ್ಲುಗಳ ಗುರುತಿನೊಡನೆ ಹೇಳುತ್ತವೆ. ಅನೇಕ ಶಾಸನಗಳ ಕೊನೆಯಲ್ಲಿ ಅದನ್ನು ಬರೆದ ಸೇನಬೋವನ ಹೆಸರೂ ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರೂ ಕಾಣಬರುತ್ತವೆ. ಹನ್ನೊಂದನೆಯ ಶತಮಾನದಲ್ಲಿ ಚಾವುಂಡರಾಯನು ನೀರಿನ ಸೆಲೆಯನ್ನು ಗುರುತಿಸುವ ಬಗೆಯಿಂದ ತೊಡಗಿ ಅಡುಗೆಯವರೆಗೆ ಗೃಹಸ್ಥನಿಗೆ ಬೇಕಾದ ಸಂಗತಿಗಳನ್ನೆಲ್ಲ ‘ಲೋಕೋಪಕಾರ’ದಲ್ಲಿ ಸಂಗ್ರಹಿಸಿದನು, ಮುಂದಿನ ಶತಮಾನದಲ್ಲಿ ರಾಜಾದಿತ್ಯನು ಲೆಕ್ಕದ ವಿದ್ಯೆಯನ್ನು ‘ವ್ಯವಹಾರಗಣಿತ’ದಲ್ಲಿ ಕನ್ನಡಕ್ಕೆ ತಂದನು. ನಮ್ಮ ಹಿರಿಯರ ಕಾಲದ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮಾಸ್ತರರೋ ತಲಾಟಿಗಳೋ ಆದವರು ಊರಿಗೆಲ್ಲ ಅರ್ಜಿ ಬರೆದುಕೊಟ್ಟರು. ಹೀಗೆ ಬರಹದ ವೃತ್ತಿಯೆಂಬುದು ನಮ್ಮಲ್ಲಿ ಸಾವಿರ ವರ್ಷಗಳಿಗೂ ಹಿಂದಿನದು. ಅದನ್ನು ಪದವಿಯೆಂದು ಓದುವ ಕ್ರಮ ಮಾತ್ರ ಇತ್ತೀಚಿನದು.

ಆ ಕ್ರಮಕ್ಕೆ ಕರ್ನಾಟಕದಲ್ಲಿ ದೊರೆತ ಮೊದಲ ನೆಲೆಗಳಲ್ಲಿ ಮುಖ್ಯವಾದುದು ಮೈಸೂರಿನ ಮಹಾರಾಜಾ ಕಾಲೇಜು. ಅಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರ ಪ್ರಯತ್ನದಿಂದ ಪತ್ರಿಕೋದ್ಯಮವು ಬಿ.ಎ. ತರಗತಿಯ ಅಧ್ಯಯನ ವಿಷಯವಾಯಿತು. ಅಮೇರಿಕೆಯಲ್ಲಿ, ಇಂದು ಕಾರ್ನೆಗಿ ಮೆಲನ್ ಎಂದು ಹೆಸರಾಗಿರುವ ವಿದ್ಯಾಸಂಸ್ಥೆಯು ತಾಂತ್ರಿಕ ಬರವಣಿಗೆಯ ಪದವಿಯನ್ನು ಆರಂಭಿಸಿದುದು 1958ರಲ್ಲಿ ಎಂಬುದನ್ನು ನೆನೆದರೆ, ಮೈಸೂರಿನವರ ದೂರದೃಷ್ಟಿಗೆ ತಲೆದೂಗಬೇಕಾಗುತ್ತದೆ. ಬರವಣಿಗೆಯು ಹುಟ್ಟಿನಿಂದ ಬರುವ ವರ, ಕಲಿಕೆಯಿಂದ ಬರುವಂತಹದಲ್ಲ ಎಂಬ ಭಾವನೆಯನ್ನು ಆ ತರಗತಿಗಳು ಅಲುಗಾಡಿಸಿದವು; ಹಳ್ಳಿಯಿಂದ ಬಂದ ಹುಡುಗನು ಪತ್ರಿಕಾಲಯದೊಳಗೆ ಯಾರ ಶಿಫಾರಸೂ ಇಲ್ಲದೆ ಕಾಲಿಡುವುದಕ್ಕೆ ಒಂದು ಬಾಗಿಲನ್ನು ತೆರೆದವು. ಇದು ಸಣ್ಣ ಸಾಧನೆಯಲ್ಲ, ಮತ್ತು ಈ ಕ್ರಮದ ದೋಷಗಳನ್ನು ಎಣಿಸುವ ಮೊದಲು ಈ ಉಪಕಾರವನ್ನು ಸ್ಮರಿಸುವುದು ನ್ಯಾಯ.

ಆದರೆ ಬಾಗಿಲು ತೆರೆದ ಮೇಲೆ ಒಳಗೆ ನಡೆದುದನ್ನು ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ಒಂದು ಕಾಲೇಜಿನಲ್ಲಿ ನಾನು ನೋಡಿದ ಉತ್ತರಪತ್ರಿಕೆಯೊಂದರಲ್ಲಿ, ಒಳ್ಳೆಯ ವರದಿಯ ಲಕ್ಷಣಗಳು ಯಾವುವು ಎಂಬ ಪ್ರಶ್ನೆಗೆ ವಿದ್ಯಾರ್ಥಿನಿಯೊಬ್ಬಳು ಸ್ಪಷ್ಟತೆ, ಸಂಕ್ಷಿಪ್ತತೆ, ನಿಖರತೆ ಎಂದು ಎಂಟು ಲಕ್ಷಣಗಳನ್ನು ಅನುಕ್ರಮವಾಗಿ ಬರೆದು ಪೂರ್ಣ ಅಂಕಗಳನ್ನು ಪಡೆದಿದ್ದಳು; ಮೂರು ವರ್ಷಗಳಲ್ಲಿ ಒಂದೇ ಒಂದು ವರದಿಯನ್ನಾದರೂ ಬರೆದು, ತಿದ್ದಿಸಿಕೊಂಡು, ಮತ್ತೆ ಬರೆಯುವ ಅವಕಾಶ ಅವಳಿಗೆ ಒದಗಿರಲಿಲ್ಲ. ಈಜಿನ ಲಕ್ಷಣಗಳನ್ನು ಬಾಯಿಪಾಠ ಮಾಡಿದವನನ್ನು ಯಾರೂ ಕೆರೆಗೆ ಇಳಿಸಲಾರರು. ಅಪರಾಧ ಆ ಹುಡುಗಿಯದಲ್ಲ. ತಿದ್ದುವಿಕೆಯೆಂಬುದು ಗುರುವು ಶಿಷ್ಯನ ಪಕ್ಕದಲ್ಲಿ ಕುಳಿತು ಮಾಡತಕ್ಕ ನಿಧಾನದ ಕಾರ್ಯ. ತುಂಬಿದ ತರಗತಿಯೂ ಸೆಮಿಸ್ಟರಿನ ಕೊನೆಯ ಪರೀಕ್ಷೆಯೂ ಆ ನಿಧಾನಕ್ಕೆ ಎಡೆಗೊಡುವುದಿಲ್ಲ. ಕರ್ನಾಟಕದಲ್ಲಿ ಪದವಿಯ ಅವಧಿಯು 2021-22ರಲ್ಲಿ ಆನರ್ಸ್ ಸಹಿತ ನಾಲ್ಕು ವರ್ಷಗಳಿಗೆ ಬೆಳೆದು 2024-25ರಲ್ಲಿ ಮತ್ತೆ ಮೂರು ವರ್ಷಗಳಿಗೆ ಮರಳಿತು. ವರ್ಷಗಳನ್ನು ಕೂಡಿ ಕಳೆಯುವುದರಿಂದ ಈ ಕೊರತೆ ನೀಗಲಾರದು.

ತಿದ್ದುವಿಕೆಯಿಂದ ಏನು ಲಾಭವೆಂದು ಕೇಳುವವರಿಗೆ ಒಂದು ಸಣ್ಣ ಉದಾಹರಣೆಯನ್ನು ಕೊಡುತ್ತೇನೆ. “ಸದರಿ ಯೋಜನೆಯಡಿ ನೋಂದಾಯಿತ ಫಲಾನುಭವಿಗಳ ಪೈಕಿ ದಾಖಲಾತಿಗಳಲ್ಲಿ ವ್ಯತ್ಯಾಸ ಕಂಡುಬಂದ ಪ್ರಕರಣಗಳಿಗೆ ಸಂಬಂಧಿಸಿದಂತೆ ಅಗತ್ಯ ಕ್ರಮ ಕೈಗೊಳ್ಳುವುದು” ಎಂಬ ಮಾದರಿಯ ವಾಕ್ಯವನ್ನು ಬೆಳೆವಿಮೆಯ ರೈತನು ಎಷ್ಟು ಸಾರಿ ಓದಿಸಿಕೊಂಡರೂ, ಕ್ರಮ ಕೈಗೊಳ್ಳಬೇಕಾದವರು ತಾನೋ ಕಚೇರಿಯವರೋ ಎಂಬುದು ಅವನಿಗೆ ತಿಳಿಯದು. ಇದನ್ನೇ “ನಿಮ್ಮ ಉತಾರದಲ್ಲಿಯ ಹೆಸರೂ ಪಾಸ್‌ಬುಕ್ಕಿನಲ್ಲಿಯ ಹೆಸರೂ ಹೊಂದುವುದಿಲ್ಲ, ಎರಡರ ನಕಲನ್ನೂ ತೆಗೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿರಿ” ಎಂದು ಬರೆದರೆ, ಅವನು ಮರುದಿನವೇ ಕೆಲಸ ಮುಗಿಸಿಕೊಂಡು ಹೊಲಕ್ಕೆ ಹೋಗುತ್ತಾನೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಮೊದಲಿನ ವಾಕ್ಯದಿಂದ ಎರಡನೆಯದಕ್ಕೆ ಬರಲು ವ್ಯಾಕರಣವೊಂದೇ ಸಾಲದು. ವ್ಯತ್ಯಾಸವೆಂದರೆ ಯಾವ ವ್ಯತ್ಯಾಸ, ಕ್ರಮವೆಂದರೆ ಯಾರ ಕ್ರಮ ಎಂದು ಎದ್ದುಹೋಗಿ ಕೇಳಿಕೊಂಡು ಬರಬೇಕು. ಅಸ್ಪಷ್ಟ ವಾಕ್ಯದ ಮರೆಯಲ್ಲಿ ಸಾಮಾನ್ಯವಾಗಿ ಅಡಗಿರುವುದು ತಿಳಿಯದೆ ಉಳಿದ ಒಂದು ಸಂಗತಿ. ಅದನ್ನು ಹುಡುಕಿ ತೆಗೆಯುವುದೇ ಈ ವಿದ್ಯೆಯ ತಿರುಳು.

ಇದರಿಂದಲೇ ಮತ್ತೊಂದು ಆಕ್ಷೇಪಕ್ಕೂ ಉತ್ತರ ದೊರೆಯುತ್ತದೆ. ಬರವಣಿಗೆಯೊಂದನ್ನೇ ಓದಿದವನಿಗೆ ಬರೆಯುವುದಕ್ಕೆ ವಿಷಯವೆಲ್ಲಿ ಎಂದು ಕೇಳುವವರಿದ್ದಾರೆ, ಮತ್ತು ಅವರ ಪ್ರಶ್ನೆಯಲ್ಲಿ ಸತ್ಯವಿದೆ. ವಿಷಯಜ್ಞಾನವಿಲ್ಲದ ಶೈಲಿ ಕಾಳಿಲ್ಲದ ಹೊಟ್ಟು. ಹಾವೇರಿ ಸೀಮೆಯವರಾದ ಪಾಟೀಲ ಪುಟ್ಟಪ್ಪನವರು ಬೆಳಗಾವಿಯಲ್ಲಿ ಕಾನೂನನ್ನು ಓದಿ, ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಪತ್ರಿಕೋದ್ಯಮದ ಶಿಕ್ಷಣ ಪಡೆದು, 1954ರಲ್ಲಿ ‘ಪ್ರಪಂಚ’ ವಾರಪತ್ರಿಕೆಯನ್ನು ಹೊರಡಿಸಿದರು. ಅವರ ಲೇಖನಿಯ ಬಲದಲ್ಲಿ ಪತ್ರಿಕಾವಿದ್ಯೆಯ ಪಾಲು ಎಷ್ಟೋ ಕಾನೂನಿನ ಹಾಗೂ ನಾಡಿನ ಅರಿವಿನ ಪಾಲೂ ಅಷ್ಟೇ. ಅವರಿಗಿಂತ ಹಿಂದೆ, ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ಬರಹದ ಪದವಿಯನ್ನು ಯಾವ ವಿದ್ಯಾಲಯದಲ್ಲಿಯೂ ಪಡೆದವರಲ್ಲ. ಅಗಡಿಯಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಕಾದಂಬರಿಯ ರುಚಿಯನ್ನು ಮನೆಮನೆಗೆ ಹತ್ತಿಸಿದ ಅವರು, ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆ ತಿರುಗಾಟವೇ ಅವರ ವಿಶ್ವವಿದ್ಯಾಲಯವಾಗಿದ್ದಿತು. ಓದುಗನ ಮುಖವನ್ನು ಅವನ ಅಂಗಳದಲ್ಲಿಯೇ ನಿಂತು ನೋಡಿದವರಿಗೆ, ಅವನಿಗೆ ತಿಳಿಯದ ಭಾಷೆಯಲ್ಲಿ ಬರೆಯುವ ಮನಸ್ಸಾದರೂ ಹೇಗೆ ಬಂದೀತು?

ಹಾಗಾದರೆ ಪದವಿ ಬೇಡವೆ? ಬೇಕು ಎಂಬುದೇ ನನ್ನ ನಿಶ್ಚಿತವಾದ ಅಭಿಪ್ರಾಯ. ಗಳಗನಾಥರು ಕಾಲ್ನಡಿಗೆಯಲ್ಲಿ ಕಲಿತುದನ್ನು ಸಾಮಾನ್ಯ ವಿದ್ಯಾರ್ಥಿಗೂ ಕ್ರಮವಾಗಿ ದೊರಕಿಸಿಕೊಡುವುದಕ್ಕಾಗಿಯೇ ಅದು ಬೇಕು. ಮೃತ್ಯುಂಜಯ ವಿದ್ಯಾಪೀಠದಿಂದಾಗಿ ವಿದ್ಯಾಕೇಂದ್ರವೆಂದು ಹೆಸರಾದ ಹಂಸಭಾವಿಯಂತಹ ಊರಿಗಿಂತ ಇದಕ್ಕೆ ಯೋಗ್ಯವಾದ ಸ್ಥಳ ನನಗೆ ತೋರದು. 2023ರಲ್ಲಿ ಹಾವೇರಿ ಜಿಲ್ಲೆಗೇ ಒಂದು ವಿಶ್ವವಿದ್ಯಾಲಯ ಬಂದ ಮೇಲೆ ಪಾಠಕ್ರಮವನ್ನು ಈ ನೆಲಕ್ಕೆ ಒಪ್ಪುವಂತೆ ರಚಿಸುವ ಮಾತನ್ನು ಧೈರ್ಯವಾಗಿ ಆಡಬಹುದಾಗಿದೆ. ವಿದ್ಯಾರ್ಥಿಯು ಬರವಣಿಗೆಯೊಡನೆ ಕೃಷಿ, ಕಾನೂನು, ಲೆಕ್ಕಪತ್ರ, ಆರೋಗ್ಯ ಇವುಗಳಲ್ಲಿ ಒಂದನ್ನು ಸಮಭಾಗವಾಗಿ ಓದಲಿ. ಗೋವಿನಜೋಳದ ಬೀಜದ ಚೀಲದ ಮೇಲಿನ ಸೂಚನೆ, ಸಹಕಾರಿ ಸಂಘದ ವಾರ್ಷಿಕ ವರದಿ, ಗ್ರಾಮಸಭೆಯ ನಡಾವಳಿ, ಖಾತೆ ಬದಲಾವಣೆಯ ವರ್ದಿಯ ಅರ್ಜಿ ಇವೇ ಅವನ ಪಾಠಗಳಾಗಲಿ. ತಾನು ಬರೆದುದನ್ನು ಅದನ್ನು ಬಳಸತಕ್ಕವರ ಮುಂದೆ ಓದಿ, ಅವರು ತಡವರಿಸಿದ ಕಡೆಗೆ ಗುರುತು ಹಾಕಿಕೊಂಡು, ಮರಳಿ ಬರೆದ ಕರಡುಗಳೇ ಅವನ ಪರೀಕ್ಷೆಯಾಗಲಿ. ಕವಿಯಾಗತಕ್ಕವನು ಇದರಿಂದ ಕೆಡಲಾರನು. ಕವಿಯಾಗದವನು ತನ್ನೂರಿಗೆ ಬೇಕಾದವನಾಗುತ್ತಾನೆ.

ಅಂದು ಆ ವೃದ್ಧರ ಮಾತನ್ನು ಕೇಳಿದ ಪತ್ರ ಬರಹಗಾರರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಪೂರ್ವವನ್ನು ಹೊಡೆದು ಪಶ್ಚಿಮವೆಂದು ಮೇಲೆ ಗೀಚದೆ, ಆ ಹಾಳೆಯನ್ನೇ ತೆಗೆದಿಟ್ಟು, ಬೇರೊಂದು ಹಾಳೆಯಲ್ಲಿ ಮೊದಲಿನಿಂದ ಬರೆಯತೊಡಗಿದರು; ಚಕ್ಕುಬಂದಿಗೆ ಬಂದಾಗ ಲೇಖನಿಯನ್ನು ನಿಲ್ಲಿಸಿ, ಒಂದೊಂದು ದಿಕ್ಕನ್ನೂ “ಹೌದಲ್ರಿ ಅಜ್ಜಾರ?” ಎಂದು ಕೇಳಿ, ಒಪ್ಪಿಗೆ ಪಡೆದು ಬರೆದರು. ಕಡೆಗೆ ಸಾಕ್ಷಿಗಳ ರುಜುವಿನ ಕೆಳಗೆ, ಪತ್ರವನ್ನು ಬರೆದವರಾರೆಂದು ಸೂಚಿಸುವ ‘ಬಿಕ್ಕಲಂ’ ಎಂಬ ಮಾತನ್ನು ಬರೆದು, ಅದರ ಮುಂದೆ ತಮ್ಮ ಹೆಸರನ್ನು ಬಿಡಿಬಿಡಿಯಾದ ಅಕ್ಷರಗಳಲ್ಲಿ ಕಾಣಿಸಿದರು.