ಅವಶೇಷಗಳ ನಡುವೆ ಒಲೆ ಹೊತ್ತಿಸುವವರು

ಟರ್ಕಿಯ ಅಂತಾಲ್ಯ ಪ್ರಾಂತ್ಯದ ಕೊಪ್ರುಲು ಕಣಿವೆಯ ಬಗ್ಗೆ ಪ್ರವಾಸಿ ಬರಹಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಹಸಿರು ನೀರಿದೆ, ದೋಣಿ ಸಾಹಸವಿದೆ, ಹಳೆಯ ಕಲ್ಲುಗಳಿವೆ. ಅಲ್ಲಿನ ಮನುಷ್ಯರು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ.

1973ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಣಿವೆಯನ್ನು ಕೊರೆದದ್ದು ಕೊಪ್ರುಚಾಯ್ ನದಿ. 'ಕೊಪ್ರು' ಎಂದರೆ ಸೇತುವೆ. ರೋಮನ್ನರು ಎರಡನೇ ಶತಮಾನದಲ್ಲಿ ಕಟ್ಟಿದ ಒಲುಕ್ ಸೇತುವೆಯ ಮೇಲೆ ಇಂದಿಗೂ ಸಣ್ಣ ವಾಹನಗಳು ಓಡಾಡುತ್ತವೆ. ಕಡಲತೀರದ ಹೋಟೆಲುಗಳಿಂದ ಬಸ್ಸಿನಲ್ಲಿ ಬರುವವರಲ್ಲಿ ಬಹಳ ಮಂದಿ ರಬ್ಬರ್ ದೋಣಿ ಹತ್ತಿ, ನೆನೆದು, ಉಂಡು ಹಿಂತಿರುಗುತ್ತಾರೆ. ತಪ್ಪೇನಿಲ್ಲ, ನದಿ ಅಷ್ಟು ಚೆಲುವಾಗಿದೆ.

ಸೇತುವೆ ದಾಟಿ ಬೆಟ್ಟವೇರಿದರೆ ಸೆಲ್ಗೆ ಎಂಬ ಪ್ರಾಚೀನ ನಗರ. ಸಾವಿರಾರು ಜನ ಕೂರಬಲ್ಲ ರಂಗಮಂದಿರ ಗುಡ್ಡದ ಇಳಿಜಾರಿಗೆ ಒರಗಿ ನಿಂತಿದೆ. ಅದರ ಬುಡದಲ್ಲೇ ಅಲ್ತಿನ್‌ಕಾಯ ಹಳ್ಳಿ, ಹಳೆಯ ಹೆಸರು ಜೆರ್ಕ್. ಇಲ್ಲಿನ ಮನೆಗಳ ಗೋಡೆಗಳಲ್ಲಿ ಹಳೆಯ ನಗರದ ಕೆತ್ತನೆ ಕಲ್ಲುಗಳು ಕೂತಿವೆ. ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಸೆಲ್ಗೆಯ ಬಗ್ಗೆ ಬರೆದಾಗ ಆಲಿವ್, ದ್ರಾಕ್ಷಿ, ದನಗಳ ಹುಲ್ಲುಗಾವಲು, ಮರದಿಂದ ಒಸರುವ ಸುಗಂಧದ ಅಂಟು, ಇವನ್ನೆಲ್ಲ ಹೇಳಿದ. ಹಿಂದೊಮ್ಮೆ ಅಲ್ಲಿ 20,000 ಜನರಿದ್ದರೆಂದ. ಲೆಕ್ಕ ಹಿಗ್ಗಿರಬಹುದು, ಆದರೆ ಊರೆಂದರೆ ಅವನಿಗೆ ಜನರ ದುಡಿಮೆ.

ನಮ್ಮ ಕಾಲದ ಪ್ರವಾಸಿ ಪುಸ್ತಕಗಳಿಗೆ ಇದು 'ಕಾಲ ನಿಂತ ಹಳ್ಳಿ'. ಕಾಲ ತಾನಾಗಿ ನಿಂತಿಲ್ಲ. ಸಂರಕ್ಷಿತ ಪ್ರದೇಶದಲ್ಲಿ ಮನೆ ಕಟ್ಟಲು, ವಿಸ್ತರಿಸಲು ಕಾನೂನಿನ ತಡೆಗಳಿವೆ. ಮಗನಿಗೆ ಮದುವೆಯಾದರೆ ಇನ್ನೊಂದು ಕೋಣೆ ಬೇಕು. ಆ ಕೋಣೆಯ ಅಡಿಯಲ್ಲಿ ಸೆಲ್ಗೆ ಇದೆ. ಕಾನೂನೇ ಬೇಡವೆಂದು ನಾವು ಹೇಳುವುದಿಲ್ಲ. ಗೋಡೆಗೆ ಹೋದ ಕಲ್ಲುಗಳು ಕಣ್ಣೆದುರಿಗೇ ಇವೆ, ತಡೆಯಿಲ್ಲದಿದ್ದರೆ ಉಳಿದವೂ ಹೋದಾವು. ನಮ್ಮ ತಕರಾರು ಇರುವುದು, ಆ ತಡೆಯ ಭಾರ ಹೊರುವವರನ್ನು ಚಿತ್ರದ ಚೌಕಟ್ಟಿನಿಂದ ಹೊರಗಿಟ್ಟು, ಅವರ ಇಕ್ಕಟ್ಟನ್ನೇ ಚೆಲುವೆಂದು ಕೊಂಡಾಡುವ ಬರವಣಿಗೆಯ ಮೇಲೆ.

ಹಳ್ಳಿಯ ಹೆಂಗಸರು ಕೈಕಸೂತಿಯ ಬಟ್ಟೆ, ಮಣಿಸರ, ಮರದ ಚಮಚ ಹಿಡಿದು ಪ್ರವಾಸಿಗರ ಜೊತೆ ನಡೆಯುತ್ತಾರೆ. ಬರಹಗಳಲ್ಲಿ ಇದಕ್ಕೆ 'ಕಾಟ' ಎಂಬ ಹೆಸರು. ಕೆಳಗೆ ನದಿಯಲ್ಲಿ ದೋಣಿ, ಊಟ, ಫೋಟೊ ಎಲ್ಲವನ್ನೂ ಸೇರಿಸಿ ಮಾರುವುದಕ್ಕೆ 'ಸೇವೆ'.