ಶಾಸನಗಳ ಉಲ್ಲೇಖಕ್ರಮ

ಪ್ರಮಾಣವನ್ನು ಸೂಚಿಸದ ಲೇಖನವು ಎಷ್ಟು ರಸವತ್ತಾಗಿದ್ದರೂ ವಿದ್ವತ್ಸಭೆಯಲ್ಲಿ ನಿಲ್ಲಲಾರದೆಂಬುದು ಸರ್ವವಿದಿತವಾದ ಸಂಗತಿ. ಆದರೆ ಪ್ರಮಾಣವನ್ನು ಸೂಚಿಸಿಯೂ ಓದುಗನನ್ನು ದಾರಿತಪ್ಪಿಸುವುದುಂಟು. ಶ್ರವಣಬೆಳ್ಗೊಳದ ಶಾಸನಗಳ ವಿಷಯದಲ್ಲಿ ಈ ತೊಡಕು ವಿಶೇಷವಾಗಿ ಒದಗುತ್ತದೆ.

ಬಿ. ಎಲ್. ರೈಸ್ ಸಾಹೇಬರು 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ 144 ಶಾಸನಗಳಿದ್ದುವು. ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿ 1923ರಲ್ಲಿ ಹೊರತಂದಾಗ ಅವು 500 ಆದುವು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573 ಶಾಸನಗಳಿರುವುವು. ಮೊತ್ತವು ಬೆಳೆದಂತೆ ಕ್ರಮಾಂಕಗಳೂ ಪಲ್ಲಟವಾದುವು. ಗೊಮ್ಮಟನನ್ನು ಸ್ತುತಿಸುವ ಬೊಪ್ಪಣಕವಿಯ ಶಾಸನವು ರೈಸರಲ್ಲಿ 85ನೆಯದು, ನರಸಿಂಹಾಚಾರ್ಯರಲ್ಲಿ 234ನೆಯದು. ಮಲ್ಲಿಷೇಣಪ್ರಶಸ್ತಿಯು ಅಲ್ಲಿ 54, ಇಲ್ಲಿ 67.

ಹೀಗಿರಲು, ‘ಶ್ರವಣಬೆಳ್ಗೊಳ 85’ ಎಂದಷ್ಟೇ ಅಡಿಟಿಪ್ಪಣಿಯಲ್ಲಿ ಬರೆದರೆ, 1923ರ ಸಂಪುಟವನ್ನು ತೆರೆದ ವಿದ್ಯಾರ್ಥಿಗೆ ದೊರೆಯುವುದು ಬೇರೊಂದು ಶಾಸನ. ಆಗ ಅವನು ಲೇಖಕನ ಮಾತನ್ನೇ ನಂಬದೆ ಹೋಗಬಹುದು. ಸಂಪುಟವನ್ನು ತೆರೆಯದವನಾದರೋ ಆ ಅಂಕವನ್ನು ಹಾಗೆಯೇ ತನ್ನ ಲೇಖನಕ್ಕೆ ಇಳಿಸಿಕೊಳ್ಳುವನು. ಇದು ಮೊದಲಿನದಕ್ಕಿಂತ ಹೆಚ್ಚಿನ ಹಾನಿ. ಏಕೆಂದರೆ ಕೈಯಿಂದ ಕೈಗೆ ಸಾಗಿದ ಇಂತಹ ಅಂಕವು ಪರೀಕ್ಷೆಗೊಳಗಾಗದೆಯೇ ಪ್ರಮಾಣವೆನಿಸಿಕೊಳ್ಳುತ್ತದೆ.

ನರಸಿಂಹಾಚಾರ್ಯರು ಈ ತೊಡಕನ್ನು ಮೊದಲೇ ಮನಗಂಡಿದ್ದರು. ಹೊಸ ಅಂಕದ ಪಕ್ಕದಲ್ಲಿ ಹಳೆಯದನ್ನು ಆವರಣದೊಳಗಿಟ್ಟು, 234 (85) ಎಂಬ ರೀತಿಯಲ್ಲಿ ಸೂಚಿಸಿದರು. ಅಷ್ಟರಿಂದಲೇ ರೈಸರ ಸಂಪುಟವನ್ನು ಆಧರಿಸಿದ ಹಿಂದಿನ ಲೇಖನಗಳೆಲ್ಲ ಹೊಸ ಓದುಗರಿಗೆ ಉಪಯುಕ್ತವಾಗಿ ಉಳಿದುವು. ತಮ್ಮ ಮುದ್ರಣವೇ ಕಡೆಯದೆಂದು ಭಾವಿಸದ ವಿದ್ವಾಂಸರ ವಿನಯವು ಈ ಪುಟ್ಟ ಆವರಣಚಿಹ್ನೆಯಲ್ಲಿ ಕಾಣುತ್ತದೆ.

ಕಾವ್ಯಗಳ ಉಲ್ಲೇಖವು ಇಷ್ಟು ಕಠಿನವಲ್ಲ. ಪಂಪಭಾರತಕ್ಕೆ ಆಶ್ವಾಸ ಮತ್ತು ಪದ್ಯ, ಕುಮಾರವ್ಯಾಸನ ಭಾರತಕ್ಕೆ ಪರ್ವ, ಸಂಧಿ ಮತ್ತು ಪದ್ಯ: ಪುಟಸಂಖ್ಯೆ ಬದಲಾದರೂ ಈ ವಿಭಾಗಗಳು ಗ್ರಂಥದೊಡನೆಯೇ ಇರುವುವು. ಆದರೂ ಪಾಠಾಂತರಗಳಿಂದ ಪದ್ಯಗಳ ಎಣಿಕೆಯು ವ್ಯತ್ಯಾಸಗೊಳ್ಳುವುದರಿಂದ ಅಲ್ಲಿಯೂ ಮುದ್ರಣವನ್ನು ಹೆಸರಿಸುವುದೇ ಲೇಸು. ಶಾಸನಗಳಿಗಾದರೋ ಸಂಪಾದಕರು ಕೊಟ್ಟ ಅಂಕವೇ ಗುರುತು. ಆವೃತ್ತಿಯನ್ನು ಹೇಳದಿದ್ದರೆ ಆ ಗುರುತಿಗೆ ಅರ್ಥವಿಲ್ಲ.

ಅಲ್ಪವಿರಾಮವು ಎಲ್ಲಿರಬೇಕು, ವರ್ಷವು ಮೊದಲೋ ಕಡೆಯೋ ಎಂಬುದನ್ನು ಆಯಾ ಪತ್ರಿಕೆಯು ತನ್ನ ಅನುಕೂಲದಂತೆ ನಿರ್ಣಯಿಸಬಹುದು. ಸಂಪುಟ, ಆವೃತ್ತಿಯ ವರ್ಷ, ಶಾಸನಾಂಕ, ಪಂಕ್ತಿ ಇವು ನಾಲ್ಕನ್ನು ಮಾತ್ರ ಬಿಡಲಾಗದು. ಉಲ್ಲೇಖವು ಲೇಖಕನ ಪಾಂಡಿತ್ಯಕ್ಕೆ ಅಲಂಕಾರವಲ್ಲ. ಅವನ ಮಾತು ಸುಳ್ಳಾಗಿದ್ದರೆ ಅದನ್ನು ತೋರಿಸಿಕೊಡಲು ಓದುಗನಿಗೆ ಅವನೇ ಕೊಡುವ ಅಧಿಕಾರ.